ನೋಡಿಕೊಳ್ಳುವವರು ಯಾರೂ ಇಲ್ಲ

ಅಮ್ಮನನ್ನು ಇಂಗ್ಲೆಂಡಿಗೆ ಕರೆಸಿಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದು ಅವಳು ಬಚ್ಚಲಲ್ಲಿ ಎರಡನೇ ಸಲ ಬಿದ್ದಾಗ. ಅಷ್ಟು ಹೊತ್ತಿಗೆ ನಡುಕದ ಕಾಯಿಲೆ ಅವಳ ಎರಡೂ ಕೈಗೆ ಬಂದಿತ್ತು. ಮಧುಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹಂಡೆಗಟ್ಟಲೆ ಸಾರು ಕಾಯಿಸಿದವಳಿಗೆ, ಮುದ್ದೆ ಮುರಿದು ಬಾಯಿಗಿಟ್ಟುಕೊಳ್ಳಲೂ ಚಿಕ್ಕಮ್ಮನ ಕೈ ಬೇಕಾಗಿತ್ತು.

ಚಿಕ್ಕಮ್ಮ ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಸಮೇತ ನಮ್ಮ ಬಾಡಿಗೆ ಮನೆಗೆ ಬಂದವಳು ಅಲ್ಲೇ ಉಳಿದುಬಿಟ್ಟಳು. ಇಬ್ಬರೂ ಪಾವಗಡದ ಕಡೆಯವರು. ಜಗಳ ಮಾತ್ರ ತೆಲುಗಿನಲ್ಲಿ ಆಡುತ್ತಿದ್ದರು, ನನಗೆ ತಿಳಿಯಬಾರದೆಂದು. ನನಗೆ ಎಲ್ಲಾ ತಿಳಿಯುತ್ತಿತ್ತು.

ನಾನು ಒಬ್ಬಳೇ ಮಗಳು. ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿಯ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ, ವಯಸ್ಸಾದವರ ವಾರ್ಡಿನಲ್ಲಿ ನರ್ಸು. ವೀಸಾ ವಿಷಯ ಕೇಳಲು ಹೋದಾಗ ವಕೀಲೆ ಸುತ್ತಿ ಬಳಸಿ ಮಾತಾಡಲಿಲ್ಲ. ವಿಸಿಟರ್ ವೀಸಾದಲ್ಲಿ ಕರೆಸಿದರೆ ಆರು ತಿಂಗಳು ಇರಬಹುದು, ಆಮೇಲೆ ವಾಪಸ್ ಕಳಿಸಲೇಬೇಕು. ಇಲ್ಲೇ ಇಟ್ಟುಕೊಳ್ಳಲು ಇರುವುದು ಒಂದೇ ದಾರಿ. ಅಮ್ಮ ತನ್ನ ಕೆಲಸ ತಾನು ಮಾಡಿಕೊಳ್ಳಲಾರದ ಸ್ಥಿತಿಯಲ್ಲಿರಬೇಕು. ಊರಿನಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರೂ ಇರಬಾರದು, ದುಡ್ಡು ಕೊಟ್ಟರೂ ಸಿಗಬಾರದು. ಇಷ್ಟನ್ನೂ ರುಜುವಾತು ಮಾಡಬೇಕು.

"ಜೊತೆಗೆ ತಂಗಿ ಇದ್ದಾರೆ ಅಂದಿರಲ್ಲ?" ಎಂದು ಆಕೆ ಕೇಳಿದಳು.

ರಜೆ ಹಾಕಿ ಊರಿಗೆ ಹೋದೆ. ಚಿಕ್ಕಮ್ಮ ನಡುಮನೆಯಲ್ಲಿ ಕೂತು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ವಿಷಯ ಹೇಳಿದೆ. ಜರಡಿ ನಿಂತಿತು.

"ನನ್ ಕೈಲಿ ಆಗಕಿಲ್ಲ ಅಂತ ಬರ್ಕೊಡ್ಬೇಕಾ?"

"ನಿಂಗೂ ಸಕ್ಕರೆ ಕಾಯಿಲೆ ಐತೆ, ಮಂಡಿನೋವು ಐತೆ. ಸುಳ್ಳೇನಲ್ವಲ್ಲ ಚಿಕ್ಕಮ್ಮ."

"ಮಂಡಿ ನೋಯ್ತದೆ, ಇಲ್ಲ ಅನ್ನಲ್ಲ. ಆದ್ರೆ ನಾನ್ ನೋಡ್ಕತಿಲ್ವೇನೆ?"

ಅಮ್ಮ ಮಂಚದ ಮೇಲಿಂದ ನನ್ನನ್ನು ಕೇಳಿದಳು: "ಅವಳ್ನೂ ಕರ್ಕಂಡ್ ಹೋಗಾಕಾಗಲ್ವಾ?"

"ಇಲ್ಲಮ್ಮ. ಚಿಕ್ಕಮ್ಮಂಗೆ ದಾರೀನೇ ಇಲ್ಲ."

ಆಮೇಲೆ ಅಮ್ಮನೇ ತಂಗಿಗೆ ಹೇಳಿದಳು: "ಹಾಕ್ಕೊಟ್ಬುಡೇ ಸೈನು. ಮಗ ಅಷ್ಟು ದೂರದಿಂದ ಬಂದೈತೆ."

ಮಾರನೆಯ ದಿನ ಕೋರ್ಟಿನ ಹತ್ತಿರದ ನೋಟರಿಯ ಮುಂದೆ ಚಿಕ್ಕಮ್ಮ ಸೈನು ಹಾಕಿದಳು. ಮನೆಗೆ ಬಂದವಳೇ ಅಮ್ಮನಿಗೆ ಮುದ್ದೆ ತಿನ್ನಿಸಲು ಕೂತಳು.

ನಾನು ಇಲ್ಲಿಗೆ ಮರಳಿ ಅರ್ಜಿ ಹಾಕಿದ ಮೇಲೆ ವೀಸಾ ಆಫೀಸಿನಿಂದ ಅವಳಿಗೆ ಒಂದು ಫೋನ್ ಬಂತಂತೆ. ಅರ್ಜಿಯಲ್ಲಿ ಬರೆದಿದ್ದು ಸರಿಯೇ ಎಂದು ವಿಚಾರಿಸಲು ಯಾವಳೋ ಹುಡುಗಿ ಕನ್ನಡದಲ್ಲೇ ಕೇಳಿದಳಂತೆ. ಚಿಕ್ಕಮ್ಮ ನನಗೆ ತಾನೇ ಫೋನ್ ಮಾಡಿ ಹೇಳಿದಳು. "ಅಕ್ಕನ್ನ ಈಗ ಯಾರಮ್ಮ ನೋಡ್ಕತಾರೆ ಅಂತು ಆ ಮಗ, ನಾನಿದೀನಲ್ಲ ಅಂದ್ಬುಟ್ಟೆ ಕಣೇ. ಬಾಯಿಗೆ ಬ್ಯಾರೇದು ಬರ್ಲಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅರ್ಜಿ ತಿರಸ್ಕೃತವಾಯಿತು. ಅಮ್ಮನನ್ನು ಅವಳ ತಂಗಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಎಂಬುದೇ ಕಾರಣ.

ಮುಂದಿನ ಬೇಸಿಗೆಯಲ್ಲಿ ಚಿಕ್ಕಮ್ಮನ ಕಾಲ್ಬೆರಳಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಯವಳು, ಅರಿಶಿನ ಮೆತ್ತಿಕೊಂಡು ಸುಮ್ಮನಿದ್ದಳು; ಅಕ್ಕನನ್ನು ಬಿಟ್ಟು ಆಸ್ಪತ್ರೆಗೆ ಹೋಗುವಂತಿರಲಿಲ್ಲ. ತುಮಕೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ನಂಜು ಮೈಗೆಲ್ಲಾ ಏರಿತ್ತು. ನಾನು ವಿಮಾನ ಇಳಿದು ಮಧುಗಿರಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಮ್ಮ ಪಕ್ಕದ ಮನೆಯ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಯಾರೋ ಅವಳ ಸೀರೆಯನ್ನು ತಲೆಕೆಳಗಾಗಿ ಸುತ್ತಿದ್ದರು.

ಕೊರಟಗೆರೆ ರಸ್ತೆಯ ಒಂದು ವೃದ್ಧಾಶ್ರಮದಲ್ಲಿ ಅಮ್ಮನನ್ನು ಬಿಟ್ಟು ನಾನು ಮತ್ತೆ ವಾರ್ಡಿಗೆ ಬಂದೆ. ಸ್ವಲ್ಪ ದಿನಕ್ಕೇ ಅವಳ ಬೆನ್ನಿನಲ್ಲಿ ಹುಣ್ಣಾಯಿತು. ಎದ್ದು ಓಡಾಡಲಾರದವರನ್ನು ತಾವು ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ ಎಂದು ಆಶ್ರಮದವರು ಬರೆದುಕೊಟ್ಟರು. ವಕೀಲೆಗೆ ಎಲ್ಲವನ್ನೂ ಹೇಳಿದೆ. ಆಕೆ ಮೊದಲು ಚಿಕ್ಕಮ್ಮನ ಸಾವಿಗೆ ವಿಷಾದ ಹೇಳಿದಳು. ಆಮೇಲೆ, "ಈಗ ನಿಮ್ಮ ಕೇಸು ಗಟ್ಟಿಯಾಗಿದೆ" ಅಂದಳು. ಅವಳ ಮಾತು ತಪ್ಪಾಗಲಿಲ್ಲ. ಎರಡನೇ ಅರ್ಜಿಗೆ ವೀಸಾ ಬಂತು.

ಅಮ್ಮ ವ್ಹೀಲ್‌ಚೇರಿನಲ್ಲಿ ಬಂದಿಳಿದದ್ದು ಚಳಿಗಾಲದ ಶುರುವಿನಲ್ಲಿ. ಅವಳ ಖರ್ಚೆಲ್ಲಾ ನಮ್ಮದೇ, ಸರ್ಕಾರದಿಂದ ಏನೂ ಕೇಳುವುದಿಲ್ಲ ಎಂದು ಒಪ್ಪಿಕೊಂಡೇ ಕರೆಸಿದ್ದೆವು. ದಿನವಿಡೀ ಜೊತೆಗಿರಲು ಆಳಿಡುವ ಶಕ್ತಿ ನಮಗಿಲ್ಲ. ಗಂಡ ಗೋದಾಮಿನ ಕೆಲಸಕ್ಕೆ ಹೋಗುತ್ತಾನೆ, ನಾನು ವಾರ್ಡಿಗೆ. ಇಬ್ಬರ ಪಾಳಿ ಎಷ್ಟೇ ಹೊಂದಿಸಿದರೂ ನಡುವೆ ಒಂದಷ್ಟು ಗಂಟೆ ಅಮ್ಮ ಒಬ್ಬಳೇ. ಡೈಪರ್ ಕಟ್ಟಿ, ಸ್ಟ್ರಾ ಹಾಕಿದ ನೀರಿನ ಬಾಟಲಿಯನ್ನು ಕೈಗೆಟಕುವಂತಿಟ್ಟು, ಬೀಗ ಹಾಕಿಕೊಂಡು ಹೋಗುತ್ತೇನೆ. ಒಂಟಿಯಾಗಿ ಬಿಡುವಂತಿಲ್ಲ ಎಂದು ಸಾಬೀತು ಮಾಡಿ ಕರೆತಂದವಳನ್ನು ಒಂಟಿಯಾಗಿ ಬಿಟ್ಟು, ಬೇರೆಯವರ ತಾಯಂದಿರಿಗೆ ಊಟ ಮಾಡಿಸಲು ಓಡುತ್ತೇನೆ.

ಅವಳು ದೂರುವುದಿಲ್ಲ. ಬಂದ ಹೊಸದರಲ್ಲಿ, ತಂಗಿಯ ತಿಥಿ ಯಾರು ಮಾಡುತ್ತಾರೆ ಎಂದು ಒಂದೆರಡು ಸಲ ಕೇಳಿದಳು. ಊರಿನಲ್ಲಿ ಹೇಳಿ ಮಾಡಿಸುತ್ತೇನೆ ಎಂದೆ. ಆಮೇಲೆ ಆ ಮಾತು ಎತ್ತಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು.

ಮೊನ್ನೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಮ್ಮನ ಊಟ ಕಡಿಮೆಯಾಗಿದ್ದು ನೋಡಿ, ಮನಸ್ಸಿಗೆ ಬೇಜಾರಿದೆಯೇ ಕೇಳಿ ಎಂದು ಆಕೆ ನನಗೆ ಹೇಳಿದಳು. ಕೇಳಿದೆ.

ಅಮ್ಮ ನನ್ನ ಮುಖ ನೋಡಿದಳು. "ಯಾರ್ ಕೇಳ್ತಿರೋದು, ಆಯಮ್ಮನಾ, ನೀನಾ?"

"ಆಯಮ್ಮ."

"ಚೆನ್ನಾಗಿದೀನಿ ಅಂತ ಹೇಳು."

ಹಾಗೇ ಹೇಳಿದೆ. ಡಾಕ್ಟರ್ ಟೈಪ್ ಮಾಡಿಕೊಂಡಳು. ನಾನಾಗಿ ಕೇಳಿದರೆ ಅಮ್ಮ ಏನು ಹೇಳುತ್ತಾಳೋ, ಇನ್ನೂ ಕೇಳಿಲ್ಲ.