ಲವೀನಾಳ ಹೆಸರು ಹೇಳಿದವಳು

ಐರಿನ್ ಬಾಯಿ, ನಿಮ್ಮ ಮಗಳು ಲವೀನಾಳಿಗೆ ಟೀಸಿ ತೆಗೆದುಕೊಂಡು ಹೋಗಲು ಶಾಲೆಯವರು ಹೇಳಿದ ಸಂಗತಿಯನ್ನು ಹೊರಗೆ ಹಾಕಿದವಳು ನಾನು. ಶಾಲೆಯ ಆಫೀಸಿನವರಲ್ಲ. ಇಷ್ಟು ವರ್ಷ ನೀವು ಅವರನ್ನೇ ಅನುಮಾನಿಸಿದಿರಿ, ನಾನು ಎದುರಿಗೆ ಕುಳಿತು ಹೂಂ ಎಂದೆ.

ಆಗ ನಾವು ಇಲ್ಲಿ ಗಲ್ಫಿನಲ್ಲಿ, ಸೆಗಯಾದ ಒಂದೇ ಬಿಲ್ಡಿಂಗಿನಲ್ಲಿದ್ದೆವು. ಆಸ್ಪತ್ರೆಯ ಡ್ಯೂಟಿ ಮುಗಿಸಿ, ನರ್ಸಿನ ಬಿಳಿ ಬೂಟನ್ನು ನಮ್ಮ ಬಾಗಿಲಲ್ಲೇ ಬಿಚ್ಚಿಟ್ಟು, ನೀವು ಚಹಾಕ್ಕೆ ಬರುತ್ತಿದ್ದಿರಿ. ನಮ್ಮ ಮಕ್ಕಳ ಶಾಲೆಯ ಬೋರ್ಡಿನ ಚುನಾವಣೆಗೆ ನಿಂತಾಗ ನಿಮ್ಮ ಭಾಷಣದ ಅಭ್ಯಾಸವೂ ನನ್ನ ಅಡುಗೆಮನೆಯಲ್ಲೇ ಆಯಿತು. ನಾನು ಬಂಗುಡೆ ತೊಳೆಯುತ್ತಿದ್ದೆ, ನೀವು ಫ್ರಿಜ್ಜಿಗೆ ಒರಗಿ ಹೇಳುತ್ತಿದ್ದಿರಿ. ಬಸ್ಸಿನಲ್ಲಿ ಮಕ್ಕಳಿಗೆ ತಣ್ಣೀರು ಇರಬೇಕು, ದೂರದ ಹಿದ್ ಕಡೆಯಿಂದ ಬರುವ ಮಕ್ಕಳಿಗೆ ಬೇರೆ ಬಸ್ಸು ಬೇಕು, ಕಲಿಕೆಯಲ್ಲಿ ಹಿಂದೆ ಬಿದ್ದವರಿಗೆ ಸಂಜೆ ಪಾಠ ಆಗಬೇಕು. ಎಲ್ಲಕ್ಕಿಂತ ಮುಖ್ಯ – ಹತ್ತನೆಯ ತರಗತಿಯ ಫಲಿತಾಂಶ ಚೆಂದ ಕಾಣಲಿ ಎಂದು ಒಂಬತ್ತರಲ್ಲಿ ಫೇಲಾದವರನ್ನು ಟೀಸಿ ಕೊಟ್ಟು ಊರಿಗೆ ಅಟ್ಟುವುದು ನಿಲ್ಲಬೇಕು.

"ಫೇಲಾದ ಮಕ್ಕಳು ಅಂತ ಹೇಳ್ಬೇಡಿ ಬಾಯಿ, ಕೇಳ್ಲಿಕ್ಕೆ ಒಂಥರಾ ಆಗ್ತದೆ," ಎಂದೆ ನಾನು.

"ಮತ್ತೆ ಎಂತ ಹೇಳುದು ವಾರಿಜಕ್ಕ? ಸುಸ್ತಾದ ಮಕ್ಕಳು ಅಂತಲಾ?" ಎಂದು ನೀವು ನಕ್ಕಿರಿ.

ನನಗೇಕೆ ಒಂಥರಾ ಆಯಿತೆಂದು ನಿಮಗೆ ಗೊತ್ತಿತ್ತು. ಲವೀನಾಳ ಹಾಗೆ ನನ್ನ ಮಗಳು ರೇಖಾಳೂ ಒಂಬತ್ತರಲ್ಲಿ ಫೇಲಾಗಿದ್ದಳು. ಟೀಸಿಯ ಮಾತು ನಮಗೂ ಬಂದಿತ್ತು. ನಮ್ಮ ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನಿಮಗೊಬ್ಬರಿಗೇ.

ಚುನಾವಣೆಯ ಹಿಂದಿನ ಗುರುವಾರ ಶಾಲಿನಿಯವರ ಮನೆಯಲ್ಲಿ ಭಜನೆ. ಅವರ ಗಂಡ ನಿಮ್ಮ ಎದುರು ಬೋರ್ಡಿಗೆ ನಿಂತಿದ್ದರು. ಮಂಗಳಾರತಿಯಾಗಿ ಗಂಡಸರು ಹೊರಗೆ ಹಾಲ್‌ನಲ್ಲಿ ಕುಳಿತಿದ್ದರು, ನಾವು ಹೆಂಗಸರು ಒಳಗೆ ಪ್ಲೇಟಿಗೆ ಅವಲಕ್ಕಿ ಹಾಕುತ್ತಿದ್ದೆವು.

"ಈ ಐರಿನ್ ಬಾಯಿಗೆ ಫೇಲಾದವರ ಮೇಲೆ ಎಂತ ಅಷ್ಟು ಪ್ರೀತಿ ಮಾರಾಯ್ರೆ?" ಎಂದರು ಶಾಲಿನಿ. "ಯಾರದ್ದೋ ಮನೇಲಿ ಅಂಥ ಮಕ್ಕಳು ಉಂಟು. ವಾರಿಜಕ್ಕಾ, ನಿಮ್ಮ ಬಿಲ್ಡಿಂಗೇ ಅಲ್ವಾ? ನಿಮಗೆ ಗೊತ್ತಿಲ್ಲದ್ದು ಉಂಟಾ?"

ಅವರು ಸುಮ್ಮನೆ ಕೇಳಿದ್ದಿರಬಹುದು. ನನಗೆ ಮಾತ್ರ, ಎಲ್ಲರ ಕಣ್ಣೂ ನನ್ನ ಮೇಲೆ – ಇನ್ನೊಂದು ಗಳಿಗೆ ಸುಮ್ಮನಿದ್ದರೆ ರೇಖಾಳ ಹೆಸರು ಬಂದೇಬಿಡುತ್ತದೆ ಅನಿಸಿತು. ತೆಂಗಿನತುರಿಯ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ:

"ಅವರ ಲವೀನಾಳಿಗೇ ಟೀಸಿ ತಗೊಳ್ಳಲಿಕ್ಕೆ ಹೇಳಿದ್ದಾರಂತೆ."

"ಹಾಗೆ ಹೇಳಿ ಮತ್ತೆ. ಸ್ವಂತ ಕೆಲಸಕ್ಕೆ ಬೋರ್ಡು," ಎಂದು ಯಾರೋ ನಕ್ಕರು. ನಾನೂ – ಹೌದು, ನಾನೂ ನಕ್ಕೆ.

ಒಂದು ಮನೆಗೆ ಒಂದೇ ವೋಟು, ಅದೂ ಗಂಡಸಿನ ಹೆಸರಲ್ಲಿ. ನಿಮ್ಮ ಗಂಡ ಹಡಗಿನ ಕೆಲಸದಲ್ಲಿದ್ದುದರಿಂದ ನಿಮ್ಮ ಮನೆಯ ವೋಟು ಮಾತ್ರ ನಿಮ್ಮ ಹೆಸರಿನಲ್ಲಿತ್ತು. ಆದರೆ ವೋಟು ಯಾರಿಗೆಂದು ತೀರ್ಮಾನವಾಗುತ್ತಿದ್ದದ್ದು ಭಜನೆ ಮುಗಿಸಿ ಹೋಗುವ ಕಾರುಗಳಲ್ಲಿ, ಹೆಂಡತಿಯರ ಬಾಯಲ್ಲಿ. ನನ್ನ ಮಾತು ಆ ರಾತ್ರಿಯೇ ಎಲ್ಲ ಕಾರುಗಳಲ್ಲೂ ಹೋಯಿತು.

ಮರುದಿನ ಶಾಲೆಯ ಚುನಾವಣೆಯ ಸಭೆಯಲ್ಲಿ ನೀವು ಮಾತು ಮುಗಿಸುವ ಮೊದಲೇ ಒಬ್ಬರು ಎದ್ದು ಕೇಳಿದರು: "ನಿಮ್ಮ ಮಗಳು ಪಾಸಾ ಬಾಯಿ?"

ನೀವು ಮೈಕನ್ನು ಸ್ವಲ್ಪ ಕೆಳಗಿಳಿಸಿದಿರಿ. "ಇಲ್ಲ. ಅದಕ್ಕೇ ನನಗೆ ಗೊತ್ತುಂಟು," ಎಂದಿರಿ. ಇನ್ನೊಬ್ಬಳಿದ್ದಾಳೆ ಎಂದು ನೀವು ಹೇಳಬಹುದಿತ್ತು. ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ನೀವು ನನ್ನ ಕಡೆ ನೋಡಲೂ ಇಲ್ಲ – ನೋಡಿದರೆ ಜನ ತಿಳಿದುಕೊಂಡಾರು ಎಂದಿರಬೇಕು.

ನೀವು ಸೋತಿರಿ. ನನ್ನ ಗಂಡ ಶಾಲಿನಿಯವರ ಗಂಡನಿಗೆ ವೋಟು ಹಾಕಿದ್ದರು. ಆಮೇಲೆ ಗೆದ್ದ ಅವರಿಂದಲೇ ಶಾಲೆಗೆ ಹೇಳಿಸಿ ರೇಖಾಳನ್ನು ಒಂಬತ್ತರಲ್ಲೇ ಇನ್ನೊಂದು ವರ್ಷ ಕೂರಿಸಿಕೊಂಡೆವು. ಲವೀನಾಳ ಪರವಾಗಿ ಹೇಳುವವರಿರಲಿಲ್ಲ. ಅವಳನ್ನು ಊರಿಗೆ, ಶಿರ್ವದ ನಿಮ್ಮ ಅಕ್ಕನ ಮನೆಗೆ ಕಳಿಸಿದಿರಿ. ಹೊರಡುವ ದಿನ ನಾನು ಚಕ್ಕುಲಿ ಕಟ್ಟಿಕೊಟ್ಟೆ.

"ಆಂಟಿ, ರೇಖಾಳಿಗೂ ಹೋಗ್ಲಿಕ್ಕೆ ಉಂಟಾ?" ಎಂದು ಕೇಳಿದಳು.

"ಇಲ್ಲ ಮಗಾ."

"ಒಳ್ಳೇದಾಯ್ತು," ಎಂದಳು. ಬೇಸರವೇ ಇಲ್ಲದೆ, ನಿಜವಾಗಿ ಸಂತೋಷಪಟ್ಟು. ಆ ಮಾತು ನನಗೆ ಇವತ್ತಿಗೂ –

ಆಮೇಲೆ ನೀವು ರಜೆ ಬಂದಾಗೆಲ್ಲ ಊರಿಗೆ ಓಡಿದಿರಿ. ಅವಳು ಮಾತು ಕಡಿಮೆ ಮಾಡಿದ್ದಾಳೆ, ಫೋನಿನಲ್ಲಿ ಹೂಂ, ಊಹೂಂ ಅಷ್ಟೇ ಎಂದು ನನ್ನ ಹತ್ತಿರವೇ ಬಂದು ಅತ್ತಿರಿ. ನಾನು ನಿಮ್ಮ ಬೆನ್ನು ಸವರಿದೆ. ಮಾಡಿದ್ದರಲ್ಲಿ ಅದೇ ದೊಡ್ಡ ತಪ್ಪೇನೋ.

ರೇಖಾ ಈಗ ದೊಡ್ಡವಳಾಗಿದ್ದಾಳೆ. ಕಳೆದ ವಾರ ಅವಳಿಗೆ ಎಲ್ಲ ಹೇಳಿದೆ. "ಬಸ್ಸಲ್ಲಿ ಅವಳ ಸೀಟು ಖಾಲಿ ಇರ್ತಿತ್ತಮ್ಮ," ಎಂದಳು. ಮತ್ತೆ, "ನನ್ನ ಹೆಸರು ಹೇಳು. ಎಲ್ಲರೆದುರು ಹೇಳು," ಎಂದಳು.

ಈ ಕಾಗದವನ್ನು ಈಗ ನೀವಿರುವ ಸನದ್‌ನ ಮನೆಗೆ ನಾನೇ ತಂದುಕೊಡುತ್ತೇನೆ; ನೀವು ಓದಿ ಮುಗಿಸುವವರೆಗೆ ಎದುರಿಗೇ ಇರುತ್ತೇನೆ. ಈ ಗುರುವಾರ ಭಜನೆ ನಮ್ಮಲ್ಲಿ. ಒಳಗೆ ಅವಲಕ್ಕಿ ಹಾಕುವಾಗ, ಅಂದು ನಕ್ಕವರ ಮುಂದೆಯೇ ರೇಖಾಳ ಹೆಸರು ಹೇಳುತ್ತೇನೆ – ಟೀಸಿಯ ಮಾತು ಅವಳಿಗೂ ಬಂದಿತ್ತು, ಅದನ್ನು ಮುಚ್ಚಲಿಕ್ಕೇ ಲವೀನಾಳ ಹೆಸರು ಹೇಳಿದೆ ಎಂದು. ಅಂದು ಹೇಳಬೇಕಾಗಿದ್ದ ಹೆಸರು ಅದು. ಅದರಿಂದ ಲವೀನಾಳ ಒಂದು ದಿನವೂ ತಿರುಗಿ ಬರುವುದಿಲ್ಲ, ಗೊತ್ತಿದೆ.