ವಿಮಾನ ತೊಳೆಯಲು ಬಂದ ಕರೆ

ಸುಮಾ, ನಿನಗೆ ಕರೆ ಬಂದಿತ್ತು. ಬರಲೇ ಇಲ್ಲವೆಂದು ಇಷ್ಟು ವರ್ಷ ನಂಬಿದ್ದೀಯಲ್ಲ — ಬಂದಿತ್ತು. ಫೋನ್ ಎತ್ತಿದವನು ನಾನು. ಬೇಡವೆಂದವನೂ ನಾನೇ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಬರವಣಿಗೆ ಇದು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಎದುರು ಕೂತು ಹೇಳೋಣವೆಂದು ಎರಡು ಸಲ ಅಂಕೋಲೆಗೆ ನಿನ್ನ ಮನೆಗೆ ಬಂದೆ. ಚಹಾ ಕುಡಿದು, ನಿನ್ನ ಶಾಲೆಯ ಮಕ್ಕಳ ಪರೀಕ್ಷೆಯ ಮಾತಾಡಿ, ವಾಪಸು ಬಸ್ಸು ಹತ್ತಿದೆ.

ಎರಡು ಸಾವಿರದ ಒಂಬತ್ತರ ಮಳೆಗಾಲ ಅದು. ಮೀನುಗಾರಿಕೆ ಬಂದ್. ನಾನು ನಡೆಸುತ್ತಿದ್ದ ಟ್ರಾಲರನ್ನು ಬೈತಖೋಲ ಬಂದರಿನಲ್ಲಿ ಕಟ್ಟಿ ಹಾಕಿತ್ತು, ನಾನು ಹಬ್ಬುವಾಡದ ನಮ್ಮ ಮನೆಯಲ್ಲಿ ಕೂತಿದ್ದೆ. ನೀನು ಪೈಲಟ್ ಲೈಸೆನ್ಸ್ ತಂದು ವರ್ಷವಾಗಿತ್ತು. ಹಾರಿದ್ದು ಇನ್ನೂರು ತಾಸು. ಅಷ್ಟು ಅನುಭವದ ಹೊಸಬರನ್ನು ಯಾವ ಏರ್‌ಲೈನೂ ಕರೆಯುತ್ತಿರಲಿಲ್ಲ. "ತಾಸು ಕೂಡಿಸ್ಬೇಕು ಅಪ್ಪಾ, ಎಲ್ಲಾದ್ರೂ ಹಾರ್ತಾ ಇರ್ಬೇಕು" ಎನ್ನುತ್ತ ನೀನು ಹಾರಾಟ ಕಲಿಸುವ ಶಾಲೆಗಳಿಗೆಲ್ಲ ಅರ್ಜಿ ಬರೆಯುತ್ತಿದ್ದೆ. ಮನೆಯ ಫೋನ್ ನಂಬರನ್ನೇ ಕೊಟ್ಟಿದ್ದೆ.

ಆ ದಿನ ನೀನೂ ಅಮ್ಮನೂ ಮಾಜಾಳಿಗೆ ಹೋಗಿದ್ದಿರಿ. ಫೋನಿನಲ್ಲಿ ಅಂಥದೊಂದು ಶಾಲೆಯ ಕ್ಯಾಪ್ಟನ್. ಮೆತ್ತಗಿನ ಮಾತು.

"ಮೊದಲ ಆರು ತಿಂಗಳು ವಿಮಾನ ತೊಳೀಬೇಕು, ಹ್ಯಾಂಗರ್ ಗುಡಿಸ್ಬೇಕು. ಆಮೇಲೆ ಕಲಿಸೋ ಕೆಲಸ ಕೊಡ್ತೇವೆ, ತಾಸು ತಾನಾಗಿ ಕೂಡ್ತದೆ. ನಿಮ್ಮ ಮಗಳು ತಯಾರಿದ್ದಾಳಾ?"

ನನ್ನ ಕಿವಿಗೆ ಬಿದ್ದದ್ದು ತೊಳೆಯುವ ಮಾತೊಂದೇ.

"ಎಂತ ಸಾಹೇಬ್ರೇ, ನನ್ನ ಮಗಳು ಪೈಲಟ್. ತೊಳೂಕೆ ಗುಡಿಸೂಕೆ ಬೇರೆ ಯಾರನ್ನಾದ್ರೂ ನೋಡ್ಕಣಿ. ಅವ್ಳು ಬರೂದಿಲ್ಲ."

ಅವರು "ಅವಳನ್ನೊಂದು ಮಾತು ಕೇಳ್ತೀರಾ?" ಎಂದರು.

"ನಾ ಹೇಳ್ದೆ ಅಂದ್ರೆ ಅವ್ಳು ಹೇಳ್ದಾಂಗೇಯ" — ಫೋನ್ ಇಟ್ಟೆ.

ಬೈತಖೋಲದಲ್ಲಿ ದೋಣಿ ಕೆಲಸಕ್ಕೆ ಹೊಸ ಖಲಾಸಿಯನ್ನು ನಾನು ಹೇಗೆ ತೆಗೆದುಕೊಳ್ಳುತ್ತೇನೆಂದು ನಿನಗೆ ಗೊತ್ತು. ಮೊದಲ ವರ್ಷ ಮೀನು ತುಂಬುವ ಗುಂಡಿ ತೊಳೆಯಬೇಕು. ಮೂಗು ಮುರಿದವನನ್ನು ಮುಂದಿನ ಸಲ ಹತ್ತಿಸುವುದಿಲ್ಲ. ತೊಳೆದವನ ಕೈಗೇ ಒಂದು ದಿನ ಚುಕ್ಕಾಣಿ ಕೊಡುವುದು. ನಾನೂ ಹಾಗೆಯೇ ಮೇಲೆ ಬಂದವನು. ಆ ಕ್ಯಾಪ್ಟನ್ ನೋಡುತ್ತಿದ್ದದ್ದೂ ಅದನ್ನೇ. ನನಗೆ ಅದು ತಿಳಿಯಲಿಲ್ಲ ಎಂದರೆ — ಇಲ್ಲ, ಸುಳ್ಳು. ಫೋನ್ ಇಟ್ಟ ಗಳಿಗೆಯಲ್ಲೇ ತಿಳಿದಿತ್ತು. ಅವರ ನಂಬರ್ ಫೋನಿನ ಮೇಲೆ ಕಾಣುತ್ತಿತ್ತು. ತಿರುಗಿ ಮಾಡಿ "ತಪ್ಪಾಯ್ತು" ಅನ್ನಬಹುದಿತ್ತು. ಅನ್ನಲಿಲ್ಲ.

ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಯಾರಾದ್ರೂ ಫೋನ್ ಮಾಡಿದ್ರಾ ಅಪ್ಪಾ?"

"ಇಲ್ಲ ಮಗಾ."

ಎಷ್ಟೋ ತಿಂಗಳು ನೀನು ಹಾಗೆಯೇ ಕೇಳಿದೆ. ಆಮೇಲೆ ಕೇಳುವುದನ್ನು ಬಿಟ್ಟೆ. ಹಾರದೆ ಕೂತು ಲೈಸೆನ್ಸ್ ಇದ್ದೂ ಇಲ್ಲದ ಹಾಗಾಯಿತು. ನೀನು ಅಂಕೋಲೆಯಲ್ಲಿ ಗಣಿತ ಕಲಿಸಲು ಹೋದೆ.

ಹೋದ ವರ್ಷ ನಿನ್ನ ಜೊತೆ ಕಲಿತವಳು ನಮ್ಮ ಮನೆಗೆ ಬಂದಿದ್ದಳಲ್ಲ, ಅದೇ ಕ್ಯಾಪ್ಟನ್ ಹತ್ತಿರ ತಾಸು ಕೂಡಿಸಿ ಈಗ ದೊಡ್ಡ ವಿಮಾನ ನಡೆಸುವವಳು. "ಆ ಕ್ಯಾಪ್ಟನ್ ತೊಳ್ಸಿ ತೊಳ್ಸಿ ನನ್ನ ಕೈ ಸಿಪ್ಪೆ ಎಬ್ಬಿಸ್ದ ಮಾರಾಯ್ತಿ! ನಿನ್ನನ್ನ ಯಾಕೆ ಕರೀಲಿಲ್ಲ?" ಎಂದಳು. ನೀನು ನಕ್ಕೆ. "ನನ್ನನ್ನ ಕರೆದಿದ್ರೆ ರನ್‌ವೇನೂ ತೊಳ್ದು ಕೊಡ್ತಿದ್ದೆ!"

ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ತುತ್ತು ಗಂಟಲಲ್ಲಿ ಇಳಿಯಲಿಲ್ಲವೆಂದು ಬರೆದರೆ ಅದೂ ಸುಳ್ಳು. ಉಂಡೆ. ಇನ್ನೊಮ್ಮೆ ಅನ್ನ ಹಾಕಿಸಿಕೊಂಡೆ.

ಅವಳು ಹೋದ ಮೇಲೆ ಅಮ್ಮನ ಹತ್ತಿರ ನೀನು ಹೇಳಿದ್ದು ಕೇಳಿಸಿತು — "ನನ್ನಲ್ಲೇ ಎಂತದೋ ಕಮ್ಮಿ ಇತ್ತು."

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಸಾಕಾಗಿದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಮನೆಗೆ ಬರಬೇಡ ಎಂದರೆ ಬರುವುದಿಲ್ಲ. ಆದರೆ ನಿನ್ನಲ್ಲೇ ಕಮ್ಮಿ ಇತ್ತೆಂಬ ಆ ಮಾತನ್ನು ಮಾತ್ರ ಇನ್ನು ಹೇಳಬೇಡ. ಯಾರಾದರೂ ಕೇಳಿದರೆ, ಅಪ್ಪ ಬೇಡವೆಂದು ಫೋನ್ ಇಟ್ಟ ಎನ್ನು. ನನ್ನ ಎದುರಿಗೇ ಹೇಳು.