ಗೂಢಚಾರನ ತಾಯಿಯಾದ ಅಕ್ಕ

ಸವಣೂರಿನ ಹಳೇ ವಾಡೆಯೊಂದರಲ್ಲಿ ಗೂಢಚಾರರ ಸಿನಿಮಾ ತೆಗೆದು ಹೋದವರಿಗೆ ಈಗ ದೊಡ್ಡ ಹೆಸರು. ಕಾದಂಬರಿಯನ್ನು ಸಿನಿಮಾ ಮಾಡುವುದು ಹೇಗೆಂದು ಕಲಿಯಬೇಕಾದರೆ ಅದನ್ನೇ ನೋಡಬೇಕಂತೆ. ಕ್ಲಾಸಿಕ್ ಅಂತೆ. ನೋಡಲಿ ಬಿಡಿ. ಅದರಲ್ಲಿ ಎಲ್ಲರೂ ಬಾಯಿತುಂಬ ಹೊಗಳುವ ಮುದುಕಿಯ ಮುಖ ನನ್ನ ಅಕ್ಕನದು. ಆ ಮುಖ ಅವರಿಗೆ ಹೇಗೆ ಸಿಕ್ಕಿತೆಂಬುದು ನನಗೆ ಗೊತ್ತು, ಯಾಕೆಂದರೆ ಅಕ್ಕನ ಜೊತೆಗೆಂದು ಹೋಗಿ ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ.

ಅಕ್ಕ ನಾಟಕ ಕಂಪನಿಯ ನಟಿ. ಹಾನಗಲ್ಲಿರಲಿ, ಹಿರೇಕೆರೂರಿರಲಿ, ಕಂಪನಿ ಎಲ್ಲಿ ಕ್ಯಾಂಪು ಮಾಡಿದರೂ ಅಕ್ಕನ ಪಾತ್ರ ನೋಡಲೆಂದೇ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜನ ತುಂಬಿಕೊಂಡು ಬರುತ್ತಿದ್ದರು. ಟಿವಿ ಬಂತು, ಮೊಬೈಲ್ ಬಂತು, ಕಂಪನಿ ಮುಚ್ಚಿತು. ಅಷ್ಟು ವರ್ಷ ದುಡಿದವಳಿಗೆ ಉಳಿದದ್ದು ಬಣ್ಣ ತಿಂದ ಚರ್ಮ ಮತ್ತು ಒಡೆದ ಗಂಟಲು. ಅವಳ ಒಂದೇ ಒಂದು ಪಾತ್ರವನ್ನೂ ಯಾರೂ ಕ್ಯಾಮೆರಾದಲ್ಲಿ ಹಿಡಿದಿಟ್ಟಿರಲಿಲ್ಲ. ಮಗಳ ಗಂಡನ ಮನೆಯವರು, ಏನೋ ಕುಣಿಯುತ್ತಿದ್ದಳಂತೆ ಎಂದು ಮೂಗು ಮುರಿದಾಗ ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ತಾನು ಮಾಡಿದ್ದು ಒಂದಾದರೂ ಉಳಿಯಬೇಕು, ಸತ್ತ ಮೇಲೂ ಯಾರಾದರೂ ನೋಡಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು. ಆದ್ದರಿಂದ ಬೆಂಗಳೂರಿನ ನಿರ್ದೇಶಕ ಶಿಗ್ಗಾವಿಯ ಅವಳ ಮನೆಗೇ ಬಂದು, ಗೂಢಚಾರನ ತಾಯಿಯ ಪಾತ್ರ ನೀವೇ ಮಾಡಬೇಕಮ್ಮಾ ಎಂದಾಗ ಅಕ್ಕ ಎಷ್ಟು ಕೊಡುತ್ತೀರಿ ಎಂದು ಕೇಳುವುದನ್ನೂ ಮರೆತಳು.

ಕಾದಂಬರಿ ತರಿಸಿಕೊಂಡು ಓದಿದಳು. ಅದರ ಜೀವವೆಲ್ಲ ಒಂದು ದೃಶ್ಯದಲ್ಲಿದೆ. ಸಿಕ್ಕಿಬಿದ್ದು ಸತ್ತ ಗೂಢಚಾರನ ಹೆಣವನ್ನು ಶತ್ರುಗಳು ಅನುಮಾನದ ಮೇಲೆ ಅವನ ತಾಯಿಯ ಮುಂದೆ ತಂದು ಮಲಗಿಸಿ, ಇವನು ಯಾರೆಂದು ಕೇಳುತ್ತಾರೆ. ಗುರುತು ಹಿಡಿದರೆ ಅವನ ಜೊತೆಯವರೆಲ್ಲ ಸಿಕ್ಕಿಬೀಳುತ್ತಾರೆ. ತಾಯಿ ನೋಡುತ್ತಾಳೆ, ಗೊತ್ತಿಲ್ಲ ಎನ್ನುತ್ತಾಳೆ, ಅಷ್ಟೇ. ಅಕ್ಕ ಅದನ್ನು ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಬಟ್ಟೆ ಒಗೆಯುತ್ತ ಮಾಡಿ ಮಾಡಿ ನೋಡಿದಳು. ಕೊನೆಗೆ ಒಂದು ದಿನ ದಿಂಬಿನ ಮೇಲೆ ಹಾಸಿಗೆ ಬಟ್ಟೆ ಹೊದಿಸಿ ನನ್ನನ್ನು ಕೂರಿಸಿಕೊಂಡು ತೋರಿಸಿದಳು. ಗೊತ್ತಿಲ್ಲ ಎಂದು ತಿರುಗಿದವಳು, ಹೋಗುವ ಮುನ್ನ ಹೆಣದ ಕಾಲ ಮೇಲಿಂದ ಸರಿದಿದ್ದ ಬಟ್ಟೆಯನ್ನು ಸುಮ್ಮನೆ ಎಳೆದು ಮುಚ್ಚಿದಳು. ಮುಖದಲ್ಲಿ ಏನೂ ಇಲ್ಲ. ನಿದ್ದೆ ಹೋದ ಮಗುವಿಗೆ ಹೊದಿಸುವ ಕೈ ಅದು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ನಿರ್ದೇಶಕನಿಗೆ ಅದು ಬೇಡವಾಗಿತ್ತು. ಪ್ರೇಕ್ಷಕರಿಗೆ ಕಾಣಬೇಕಮ್ಮಾ, ಮುಖ ಒಡೆಯಬೇಕು ಎಂದ. ಹೆಣವಾಗಿ ಮಲಗಿದ್ದ ಸವಣೂರಿನ ಹುಡುಗ ನೊಣ ಕೂತಾಗಲೆಲ್ಲ ಮೂಗು ಅಲ್ಲಾಡಿಸುತ್ತಿದ್ದ, ಅವನನ್ನು ಮಾತ್ರ ಯಾರೂ ಬೈಯಲಿಲ್ಲ. ಅಕ್ಕನಿಂದ ಮತ್ತೆ ಮತ್ತೆ ಮಾಡಿಸಿದರು. ಅವಳು ತಾಳ್ಮೆಯಿಂದ ಹೇಳಿದಳು:

“ಮಾರಿ ಒಡದ್ರ ಅಕಿ ಸಿಕ್ಕಿಬಿದ್ದಂಗ ಅಲ್ಲೇನ್ರೀ? ಗೂಢಚಾರನ ತಾಯಿ ಅದಾಳ ಅಕಿ.”

ಅವನು ನಕ್ಕ. ಕಂಪನಿ ನಾಟಕದವರದು ಇದೇ ಗೋಳು, ಹೇಳಿದ್ದು ಕೇಳುವುದಿಲ್ಲ ಎಂದು ಪಕ್ಕದವನಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ಆಮೇಲೆ ಬಹಳ ಪ್ರೀತಿಯಿಂದ, ಇನ್ನೊಂದೇ ಸಲ, ನಿಮಗೆ ತಿಳಿದ ಹಾಗೆಯೇ ಮಾಡಿ ಎಂದ. ಅಕ್ಕನ ಕಣ್ಣು ಅರಳಿತು. ಸೆರಗು ಸರಿಮಾಡಿಕೊಂಡು ಹೆಣದ ಹತ್ತಿರ ಹೋಗಿ ನಿಂತಳು. ಕ್ಯಾಮೆರಾ ಓಡುತ್ತಿತ್ತು. ಆಗ ಅವನು ಕ್ಯಾಮೆರಾದ ಪಕ್ಕದಿಂದ, ಕೈಯಲ್ಲಿ ಫೋನು ಹಿಡಿದು, ಹೇಳಿದ:

“ಅಮ್ಮಾ, ಈಗ ಫೋನ್ ಬಂತು. ನಿಮ್ಮ ಮಗಳ ಸ್ಕೂಟಿಗೆ ಲಾರಿ ಗುದ್ದಿದೆಯಂತೆ. ಉಳಿದಿಲ್ಲವಂತೆ.”

ಅಕ್ಕನಿಗೆ ಇರುವುದು ಒಬ್ಬಳೇ ಮಗಳು. ಹಿರೇಬೆಂಡಿಗೇರಿಯಲ್ಲಿ ಟೀಚರು, ದಿನಾ ಸ್ಕೂಟಿಯಲ್ಲಿ ಹೋಗಿಬರುತ್ತಾಳೆ. ಅದನ್ನು ಅಕ್ಕನೇ ಅವನಿಗೆ ಊಟ ಬಡಿಸುತ್ತ ಹೇಳಿದ್ದಳು. ಅವಳ ಮುಖ ಏನಾಯಿತೆಂದು ನಾನು ಬರೆಯುವುದಿಲ್ಲ, ಬೇಕಾದವರು ಸಿನಿಮಾ ನೋಡಿಕೊಳ್ಳಲಿ. ನಾನು ಎದ್ದು ಓಡಿದೆ. ಯಾರೋ ನನ್ನ ತೋಳು ಹಿಡಿದು ನಿಲ್ಲಿಸಿದರು, ಫ್ರೇಮಿನಲ್ಲಿ ಬರುತ್ತೀರಿ ಎಂದು. ಕಟ್ ಎಂದ ಮೇಲೆ ಅವನು ಓಡಿಬಂದು ಅಕ್ಕನ ಕಾಲು ಹಿಡಿದು, ಸುಳ್ಳಮ್ಮಾ, ಸುಮ್ಮನೆ ಹೇಳಿದ್ದು, ಅದ್ಭುತ ಮಾಡಿದಿರಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಣವೂ ಎದ್ದು ಕೂತು ತಟ್ಟಿತು.

ಅಕ್ಕ ನೆಲದ ಮೇಲೆ ಕೂತೇ ಮಗಳಿಗೆ ಫೋನು ಮಾಡಿಸಿದಳು. ಪಾಠದ ನಡುವೆ ಯಾಕೆ ಮಾಡಿದಿ ಎಂದು ಮಗಳು ಸಿಡುಕಿದಳು. ಆ ಸಿಡುಕು ಕೇಳಿ ಅಕ್ಕನಿಗೆ ಉಸಿರು ಬಂತು. ನಾನು ಆ ನಿರ್ದೇಶಕನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ, ಅವನು ಕೈಮುಗಿದು ಕೇಳಿಸಿಕೊಂಡ. ಅಕ್ಕ ನೀರು ಕುಡಿದು, ಮುಖ ಒರೆಸಿಕೊಂಡು, ಮತ್ತೆ ಹೆಣದ ಹತ್ತಿರ ಹೋಗಿ ನಿಂತಳು.

“ಹಂಗಾರ ಈಗ ನಂದು ತಗೋರಿ.”

ಅವನು ಅಷ್ಟರಲ್ಲಿ ಬೆಳಕಿನವರಿಗೆ ಸಾಮಾನು ಕಟ್ಟಲು ಹೇಳುತ್ತಿದ್ದ. ಆಯ್ತಲ್ಲಮ್ಮಾ, ಸಿಕ್ಕಿತಲ್ಲ ಎಂದ.

ಸಿನಿಮಾದಲ್ಲಿ ಅಕ್ಕ ನಿಜವಾಗಿ ಅಭಿನಯಿಸಿದ ಉಳಿದ ದೃಶ್ಯಗಳೆಲ್ಲ ಕತ್ತರಿಗೆ ಹೋದವು. ಉಳಿದದ್ದು ಆ ಮುಖ ಒಂದೇ. ಶತ್ರುಗಳು ಬೆನ್ನು ತಿರುಗಿಸಿದ ಮೇಲೆ ಅದು ಬರುವಂತೆ ಜೋಡಿಸಿದ್ದಾರೆ. ಅದಕ್ಕೆ ಪ್ರಶಸ್ತಿ ಬಂತು. ಅಳಿಯನ ಮನೆಯವರು ಆ ಮುಖದ ಫೋಟೋಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಈಚೆಗೆ ಹಾನಗಲ್ಲಿನ ಸಂಘವೊಂದರವರು ಅಕ್ಕನಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ, ಆ ದೃಶ್ಯ ಒಮ್ಮೆ ಮಾಡಿ ತೋರಿಸಬೇಕು ಎಂದು ಜನ ಹಟ ಹಿಡಿದರು. ಅಕ್ಕ ಬೆಂಚಿನ ಮೇಲೆ ಶಾಲು ಹಾಸಿದಳು. ನೋಡಿದಳು. ಗೊತ್ತಿಲ್ಲ ಎಂದಳು. ತಿರುಗಿದಳು, ಬಗ್ಗಿ ಶಾಲಿನ ಅಂಚು ಎಳೆದು ಮುಚ್ಚಿದಳು. ಅಂದು ದಿಂಬಿನ ಮುಂದೆ ಮಾಡಿದ್ದಕ್ಕಿಂತ ನೂರು ಪಾಲು ಚೆನ್ನಾಗಿ ಮಾಡಿದಳು. ಸಭೆ ಮಿಸುಕಲಿಲ್ಲ. ಎಲ್ಲರಿಗೂ ಮುಟ್ಟಿತು ಎಂದುಕೊಂಡೆ. ಆಗ ಸಂಘದ ಅಧ್ಯಕ್ಷರು ಮೈಕಿನಲ್ಲಿ ಕೇಳಿದರು:

“ಅಕ್ಕಾರ, ಚಾಲೂ ಮಾಡ್ರಿ ಮತ್ತ.”

ಮಾಡಿದ್ದಾಯಿತು ಎಂದು ಅಕ್ಕ ಮೆಲ್ಲಗೆ ಹೇಳಿದಳು. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಪಾಪ, ವಯಸ್ಸಾಗಿದೆ ಎಂದು ಅಧ್ಯಕ್ಷರೇ ಸಮಾಧಾನ ಹೇಳಿ, ಪರದೆ ಇಳಿಸಿ ಸಿನಿಮಾದ ಆ ತುಣುಕು ಹಾಕಿಸಿದರು. ಗೋಡೆಯಷ್ಟು ದೊಡ್ಡದಾಗಿ ಆ ಮುಖ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ಕತ್ತೆತ್ತಿ ಕೊನೆಯವರೆಗೂ ನೋಡಿದಳು.

ಶಿಗ್ಗಾವಿಗೆ ವಾಪಸು ಬರುವಾಗ ಕಾರಿನಲ್ಲಿ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನೇ ಆ ಅಧ್ಯಕ್ಷನನ್ನು, ಆ ನಿರ್ದೇಶಕನನ್ನು, ಎದ್ದು ನಿಂತ ಆ ಜನರನ್ನು ಸೇರಿಸಿ ಬೈಯುತ್ತಿದ್ದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಬೈಬ್ಯಾಡ. ಪರದೆ ಮ್ಯಾಗಿನ ಅಕಿ ನನಗಿಂತ ಚಲೋ ಮಾಡ್ಯಾಳ.”